ತೊಟ್ಟಿ ತುಂಬಿತೆಂದು ನೀರೇ ಹೇಳಲಿ

ಮುಂಗಾರು ಶುರುವಾಯಿತೆಂದರೆ ಪತ್ರಿಕೆಯಲ್ಲಿ ಜಲಾಶಯಗಳ ನೀರಿನ ಮಟ್ಟವನ್ನು ಹುಡುಕಿ ಓದುವವರು ಕರ್ನಾಟಕದ ಉದ್ದಗಲಕ್ಕೂ ಇದ್ದಾರೆ. ಕೃಷ್ಣರಾಜಸಾಗರ ಭರ್ತಿಯಾದರೆ 124.80 ಅಡಿ, ಲಿಂಗನಮಕ್ಕಿ 1819 ಅಡಿ, ಆಲಮಟ್ಟಿ 519.60 ಮೀಟರ್. ಮಂಡ್ಯ, ಸಾಗರ, ವಿಜಯಪುರದ ಕಡೆ ಈ ಅಂಕಿಗಳು ಬಾಯಿಪಾಠ. ನಿನ್ನೆಗಿಂತ ಅರ್ಧ ಅಡಿ ಏರಿದರೂ ಹೋಟೆಲಿನ ಟೇಬಲ್ಲುಗಳಲ್ಲಿ ಅದೇ ಮಾತು. ಆದರೆ ಅವರವರ ಮನೆಯ ತಾರಸಿಯ ಮೇಲಿರುವ ಸಾವಿರ ಲೀಟರಿನ ಸಿಂಟೆಕ್ಸ್‌ನಲ್ಲಿ ಈ ಹೊತ್ತು ಎಷ್ಟು ನೀರಿದೆ? ತಿಳಿಯಬೇಕಾದರೆ ಯಾರಾದರೂ ಏಣಿ ಹತ್ತಬೇಕು, ಮುಚ್ಚಳ ಸರಿಸಿ ಬಗ್ಗಿ ನೋಡಬೇಕು.

ಬಹುಪಾಲು ಮನೆಗಳಲ್ಲಿ ಯಾರೂ ಹತ್ತುವುದಿಲ್ಲ. ನಲ್ಲಿಯಲ್ಲಿ ಗಾಳಿ ಬಂದರೆ ಟ್ಯಾಂಕ್ ಖಾಲಿ, ಓವರ್‌ಫ್ಲೋ ಪೈಪಿನಿಂದ ನೀರು ಧೋ ಎಂದು ಸುರಿದರೆ ಟ್ಯಾಂಕ್ ಭರ್ತಿ. "ಮೋಟರ್ ಹಾಕಿದೀನಿ, ಸ್ವಲ್ಪ ನೋಡ್ಕೊಳ್ರೋ" ಎಂದು ಅಮ್ಮ ಒಳಗಿನಿಂದ ಹೇಳುತ್ತಾರೆ. ಮಕ್ಕಳು ಹೂಂ ಎನ್ನುತ್ತಾರೆ. ಆಮೇಲೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ "ನಿಮ್ಮ ಟ್ಯಾಂಕ್ ತುಂಬಿ ಹರೀತಾ ಇದೆ ನೋಡ್ರೀ" ಎಂದು ಕೂಗಿದಾಗಲೇ ಯಾರೋ ಒಬ್ಬರು ಸ್ವಿಚ್ಚಿನ ಕಡೆ ಓಡುವುದು.

ಹೀಗೆ ಹರಿದ ನೀರಿನ ಲೆಕ್ಕ ಹಾಕಿ ನೋಡಿದರೆ ಬೇಸರವಾಗುತ್ತದೆ. ಪಂಪು ನಿಮಿಷಕ್ಕೆ 40 ಲೀಟರ್ ಎತ್ತುತ್ತದೆ ಎಂದುಕೊಂಡರೆ 15 ನಿಮಿಷಕ್ಕೆ 600 ಲೀಟರ್. ಜಲ ಜೀವನ ಮಿಷನ್ ಹಳ್ಳಿಯ ಮನೆಗಳಿಗೆ ಗೊತ್ತುಮಾಡಿಕೊಂಡ ಪ್ರಮಾಣ ತಲೆಗೆ ದಿನಕ್ಕೆ 55 ಲೀಟರ್. ಅಂದರೆ ಹತ್ತಿರ ಹತ್ತಿರ ಹನ್ನೊಂದು ಜನರ ಒಂದು ದಿನದ ನೀರು ಚರಂಡಿ ಸೇರಿತು. ನೀರಿನ ಜೊತೆಗೆ ವಿದ್ಯುತ್ತೂ ಹೋಯಿತು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಹೊಸತಲ್ಲ. ಅಷ್ಟು ಆಳದಿಂದ 1000 ಲೀಟರ್ ನೀರೆತ್ತಲು ಯಾವ ನಷ್ಟವೂ ಇಲ್ಲದ ಪಂಪಿಗೇ 0.8 ಯೂನಿಟ್ ಬೇಕು, ನಿಜವಾದ ಪಂಪಿಗೆ ಅದರ ಎರಡರಷ್ಟಾದರೂ ಬೇಕು. ಬೆಂಗಳೂರಿನ ಕಾವೇರಿ ನೀರಂತೂ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಹರಿದು, ಸುಮಾರು 500 ಮೀಟರ್ ಎತ್ತರ ಏರಿ ಸಂಪಿಗೆ ಬಂದಿರುತ್ತದೆ. ಸಂಪಿನಿಂದ ತಾರಸಿಗೆ ಹೋಗುವುದು ಅದರ ಪ್ರಯಾಣದ ಕೊನೆಯ ಹತ್ತು ಮೀಟರ್ ಮಾತ್ರ. 2024ರ ಬೇಸಿಗೆಯಲ್ಲಿ ನಗರದ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆಯುವುದನ್ನೂ ಕೈತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಮಾಡಿತು. ತಾರಸಿಯಿಂದ ಹರಿದುಹೋಗುವ ನೀರನ್ನು ಮಾತ್ರ ಮನೆಯವರೇ ಕಾಯಬೇಕು.

ಕಾಯಲು ಬೇಕಾದ ಸಾಧನ ದೊಡ್ಡದೇನಲ್ಲ. ನಾಲ್ಕು ಟ್ರಾನ್ಸಿಸ್ಟರ್, ನಾಲ್ಕು ಎಲ್‌ಇಡಿ ದೀಪ, ಹನ್ನೆರಡು ರೆಸಿಸ್ಟರ್, ಒಂದು ಬಝರ್, ಒಂದು 9 ವೋಲ್ಟ್ ಬ್ಯಾಟರಿ. ಬೆಂಗಳೂರಿನ ಎಸ್‌ಪಿ ರಸ್ತೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾದರೂ ಇವಿಷ್ಟೂ ಒಂದೆರಡು ನೂರು ರೂಪಾಯಿಯೊಳಗೆ ಸಿಗುತ್ತವೆ. ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಮೊದಲ ವರ್ಷದಲ್ಲೇ ಮಾಡಿ ನೋಡುತ್ತಾರೆ, ಹೈಸ್ಕೂಲಿನ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಒಂದಾದರೂ ಇದ್ದೇ ಇರುತ್ತದೆ. ಹಾಗಿದ್ದೂ ಪ್ರದರ್ಶನದ ಮೇಜಿನ ಮೇಲೆ ಚೆನ್ನಾಗಿ ಬೆಳಗಿದ ಸರ್ಕ್ಯೂಟು ಮನೆಯ ಟ್ಯಾಂಕಿಗೆ ಹೋದ ಮೂರ್ನಾಲ್ಕು ತಿಂಗಳಲ್ಲಿ ಸುಮ್ಮನಾಗಿಬಿಡುವುದುಂಟು. ಸರ್ಕ್ಯೂಟು ಕೆಟ್ಟಿರುವುದಿಲ್ಲ, ಕೆಟ್ಟಿರುವುದು ನೀರಿನೊಳಗಿನ ತುದಿ. ಈ ಸಾಧನದ ನಿಜವಾದ ಎಂಜಿನಿಯರಿಂಗ್ ಇರುವುದು ಆ ಒದ್ದೆ ತುದಿಯಲ್ಲಿ, ಕಾಳಜಿ ಹೋಗಬೇಕಾದದ್ದೂ ಅಲ್ಲಿಗೇ.

ನೀರಿನ ಮಟ್ಟವನ್ನು ನೀರಿನಿಂದಲೇ ಹೇಳಿಸುವ ಉಪಾಯ ವಿದ್ಯುತ್ತಿಗಿಂತ ಹಳೆಯದು. ಊರಿನ ದೊಡ್ಡ ಓವರ್‌ಹೆಡ್ ಟ್ಯಾಂಕುಗಳ ಹೊರಮೈಗೆ ಬಳಿದ ಉದ್ದನೆಯ ಅಳತೆಪಟ್ಟಿಯನ್ನು ಹಲವರು ನೋಡಿರಬಹುದು. ಒಳಗೆ ತೇಲುವ ಒಂದು ಬುರುಡೆ, ಅದಕ್ಕೆ ಕಟ್ಟಿದ ತಂತಿ ರಾಟೆಯ ಮೇಲೆ ಹಾದು ಹೊರಗೆ ಇಳಿಬಿದ್ದಿರುತ್ತದೆ, ಅದರ ತುದಿಗೆ ಒಂದು ತೂಕ. ನೀರು ಏರಿದಂತೆ ಹೊರಗಿನ ತೂಕ ಇಳಿಯುತ್ತದೆ. ಆದ್ದರಿಂದ ಪಟ್ಟಿಯ ಅಂಕಿಗಳನ್ನು ಕೆಳಗಿನಿಂದ ಮೇಲಕ್ಕಲ್ಲ, ಮೇಲಿನಿಂದ ಕೆಳಕ್ಕೆ ಬರೆದಿರುತ್ತಾರೆ. ಗುರುತು ನೆಲದ ಹತ್ತಿರ ಬಂದಿದ್ದರೆ ಟ್ಯಾಂಕ್ ತುಂಬಿದೆ ಎಂದರ್ಥ. ಪಂಚಾಯಿತಿಯ ನೀರಗಂಟಿ ಬೀದಿಯ ತುದಿಯಿಂದಲೇ ನೋಡಿ ವಾಲ್ವ್ ತಿರುಗಿಸಬಹುದು.

ಇದೇ ಸಂಗತಿಯನ್ನು ಬೃಹತ್ತಾಗಿ ಯೋಚಿಸಿದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಬೊಂಬಾಯಿ ಪ್ರಾಂತ್ಯದಲ್ಲಿ ಎಂಜಿನಿಯರಾಗಿದ್ದಾಗ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಬಂದವು. ನೀರು ಗೊತ್ತುಪಡಿಸಿದ ಮಟ್ಟ ಮುಟ್ಟಿದರೆ ಯಾರ ಕೈಯೂ ತಾಗದೆ ಗೇಟು ತೆರೆದುಕೊಳ್ಳುತ್ತಿತ್ತು, ಮಟ್ಟ ಇಳಿದರೆ ಮುಚ್ಚಿಕೊಳ್ಳುತ್ತಿತ್ತು. ಮುಂದೆ ಕೃಷ್ಣರಾಜಸಾಗರದಲ್ಲೂ ಸ್ವಯಂಚಾಲಿತ ಗೇಟುಗಳು ಬಂದವು. ಮಟ್ಟವನ್ನು ಅರಿಯುವುದು, ಅರಿತದ್ದಕ್ಕೆ ತಕ್ಕಂತೆ ನಡೆದುಕೊಳ್ಳುವುದು, ಎರಡನ್ನೂ ನೀರಿನ ಬಲದಿಂದಲೇ ಮಾಡಿಸಿದ ಯಂತ್ರ ಅದು.

ಮನೆಯ ಟ್ಯಾಂಕಿಗೆ ಬುರುಡೆ, ರಾಟೆ ಬೇಕಿಲ್ಲ. ನೀರಿನ ಇನ್ನೊಂದು ಗುಣ ಸಾಕು: ಅದರೊಳಗೆ ಲವಣಗಳು ಕರಗಿರುವುದರಿಂದ ವಿದ್ಯುತ್ತು ಹರಿಯುತ್ತದೆ. ಅಪ್ಪಟ ಶುದ್ಧ ನೀರು ವಿದ್ಯುತ್ತನ್ನು ಬಹುತೇಕ ಬಿಡುವುದೇ ಇಲ್ಲ. ನಲ್ಲಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬನೇಟ್ ಎಲ್ಲ ಅಯಾನುಗಳಾಗಿ ಓಡಾಡಿಕೊಂಡಿರುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬಯಸುವ ಮಿತಿ ಲೀಟರಿಗೆ 500 ಮಿಲಿಗ್ರಾಂ ಕರಗಿದ ಘನಪದಾರ್ಥ. ಬೇರೆ ಮೂಲವಿಲ್ಲದ ಕಡೆ 2000ದವರೆಗೂ ಒಪ್ಪುತ್ತದೆ. ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಈ ಎರಡರ ನಡುವೆ ಎಲ್ಲೋ ಇರುತ್ತದೆ. ತರಗತಿಯಲ್ಲಿ ಇದನ್ನು ತೋರಿಸುವುದು ಬಹಳ ಸುಲಭ. ಪ್ಲಾಸ್ಟಿಕ್ ಮಗ್ಗಿನಲ್ಲಿ ಎರಡು ತಂತಿ ಇಳಿಬಿಟ್ಟು ಮಂದವಾಗಿ ಉರಿಯುವ ದೀಪವನ್ನು ನೋಡುತ್ತಾ ಚಿಟಿಕೆ ಉಪ್ಪು ಹಾಕಿದರೆ ದೀಪ ಹೊಳೆಯುತ್ತದೆ. ಸಕ್ಕರೆ ಹಾಕಿದರೆ ಏನೂ ಆಗುವುದಿಲ್ಲ. ಸ್ಟೀಲ್ ಚೊಂಬು ಮಾತ್ರ ಬೇಡ, ಚೊಂಬೇ ತಂತಿಯ ಕೆಲಸ ಮಾಡಿ ಮಕ್ಕಳಿಗೆ ತಪ್ಪು ಉತ್ತರ ಕೊಡುತ್ತದೆ.

ಆದರೆ ನೀರಿನ ಮೂಲಕ ಬರುವ ಪ್ರವಾಹ ತೀರಾ ಅಲ್ಪ. ಟ್ಯಾಂಕಿನೊಳಗಿನ ಎರಡು ತಿರುಪುಗಳ ನಡುವಿನ ನೀರು 50 ಸಾವಿರ ಓಮ್‌ನಷ್ಟು ತಡೆ ಒಡ್ಡಬಹುದು. 9 ವೋಲ್ಟ್ ಬ್ಯಾಟರಿಯಿಂದ ಅದರ ಮೂಲಕ ಒಂದು ಮಿಲಿಆಂಪಿಯರಿನ ಏಳನೇ ಒಂದು ಭಾಗ ಬಂದರೆ ದೊಡ್ಡದು. ಎಲ್‌ಇಡಿ ಕಣ್ಣಿಗೆ ಚೆನ್ನಾಗಿ ಕಾಣಲು 10ರಿಂದ 15 ಮಿಲಿಆಂಪಿಯರ್ ಬೇಕು. ನಡುವೆ ಟ್ರಾನ್ಸಿಸ್ಟರ್ ಬರುವುದು ಇದಕ್ಕಾಗಿ. ಕೆರೆಯ ತೂಬಿನ ಬಿರಟೆಯನ್ನು ಒಬ್ಬ ಮನುಷ್ಯ ಸ್ವಲ್ಪ ಎತ್ತಿದರೆ ಕಾಲುವೆ ತುಂಬ ನೀರು ಹರಿಯುವ ಹಾಗೆ, ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲಿಗೆ ಸಣ್ಣ ಪ್ರವಾಹ ಕೊಟ್ಟರೆ ಕಲೆಕ್ಟರಿನಿಂದ ಎಮಿಟರಿಗೆ ಅದರ ನೂರಾರು ಪಟ್ಟು ಹರಿಯುತ್ತದೆ. ಬಿಸಿ547 ಎಂಬ ಅಗ್ಗದ, ಕಪ್ಪು ಪ್ಲಾಸ್ಟಿಕ್ಕಿನ ಟ್ರಾನ್ಸಿಸ್ಟರಿನ 'ಬಿ' ದರ್ಜೆಯದು ಕನಿಷ್ಠ 200 ಪಟ್ಟು ವರ್ಧಿಸುತ್ತದೆ. ದೀಪ ಬೆಳಗಲು ಧಾರಾಳವಾಯಿತು.

ಜೋಡಿಸುವ ಕ್ರಮ ಹೀಗೆ. ಬಿಸಿ547ರ ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂಗಡಿಯವರು ಬದಲಿಗೆ ಪಿಎನ್2222 ಕೊಟ್ಟರೆ ಅದರ ಕಾಲುಗಳ ಕ್ರಮ ತಿರುಗುಮುರುಗು, ಅದನ್ನು ಗಮನಿಸಬೇಕು. ಎಮಿಟರನ್ನು ಬ್ಯಾಟರಿಯ ನೆಗೆಟಿವ್‌ಗೆ ಸೇರಿಸುವುದು. ಕಲೆಕ್ಟರಿನಿಂದ ಎಲ್‌ಇಡಿ, ಅದರ ಹಿಂದೆ 470 ಓಮ್ ರೆಸಿಸ್ಟರ್, ಅಲ್ಲಿಂದ ಪಾಸಿಟಿವ್. ಬೇಸ್‌ಗೆ 10 ಸಾವಿರ ಓಮ್ ರೆಸಿಸ್ಟರಿನ ಮೂಲಕ ಟ್ಯಾಂಕಿನಲ್ಲಿ ಒಂದು ಎತ್ತರದಲ್ಲಿರುವ ತಿರುಪಿನ ತಂತಿ. ಇಂಥ ನಾಲ್ಕು ಅಂತಸ್ತು, ನಾಲ್ಕು ಎತ್ತರದ ನಾಲ್ಕು ತಿರುಪು. ಐದನೆಯ ತಂತಿ ಬ್ಯಾಟರಿಯ ಪಾಸಿಟಿವ್‌ನಿಂದ ನೇರವಾಗಿ ಎಲ್ಲಕ್ಕಿಂತ ಕೆಳಗಿರುವ ತಿರುಪಿಗೆ. ನೀರು ಏರುತ್ತಾ ಒಂದೊಂದೇ ತಿರುಪನ್ನು ಮುಟ್ಟಿದಂತೆ ಅಡುಗೆಮನೆಯ ಗೋಡೆಯ ಮೇಲೆ ಒಂದೊಂದೇ ದೀಪ ಹೊತ್ತಿಕೊಳ್ಳುತ್ತದೆ. ಸರ್ಕ್ಯೂಟು ಇಷ್ಟೇ.

ಬೇಸ್ ಮತ್ತು ಎಮಿಟರ್ ನಡುವೆ ಒಂದು ಲಕ್ಷ ಓಮ್‌ನ ರೆಸಿಸ್ಟರ್ ಒಂದನ್ನು ಹಾಕುವುದನ್ನು ಹಲವರು ಬಿಟ್ಟುಬಿಡುತ್ತಾರೆ. ಮಳೆಗಾಲದಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ತಾರಸಿಯಿಂದ ಇಳಿಯುವ ಉದ್ದ ತಂತಿ ಗಾಳಿಯ ತೇವಕ್ಕೂ ಪಕ್ಕದ ಮೋಟರ್ ವೈರಿನ ಗುಂಯ್‌ಗುಟ್ಟುವಿಕೆಗೂ ಸ್ಪಂದಿಸಿ ದೀಪವನ್ನು ಅರೆಬರೆ ಉರಿಸುತ್ತದೆ; ಈ ರೆಸಿಸ್ಟರ್ ಆ ಪುಡಿ ಪ್ರವಾಹವನ್ನು ನೆಗೆಟಿವ್‌ಗೆ ಇಳಿಸಿಬಿಡುತ್ತದೆ. ತಂತಿ ಎಷ್ಟು ಉದ್ದವಿದ್ದರೂ ಚಿಂತೆಯಿಲ್ಲ. ನೀರಿನ 50 ಸಾವಿರ ಓಮ್ ಮುಂದೆ ಮೂವತ್ತು ಮೀಟರ್ ತಾಮ್ರದ ಎಳೆಯ ಮೂರು ಓಮ್ ಲೆಕ್ಕಕ್ಕೇ ಇಲ್ಲ. ಇಂಟರ್ನೆಟ್ಟಿಗೆ ಬಳಸುವ ಎಂಟು ಎಳೆಯ ಲ್ಯಾನ್ ಕೇಬಲ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬಿಸಿಲಿಗೆ ಅದರ ಹೊರಕವಚ ಬಿರಿಯುವುದರಿಂದ ಪಿವಿಸಿ ಪೈಪಿನೊಳಗೆ ಎಳೆಯಬೇಕು, ಮೋಟರಿನ ವೈರು ಹೋಗುವ ಪೈಪಿನೊಳಗೆ ಖಂಡಿತ ಅಲ್ಲ.

ಈಗ ಟ್ಯಾಂಕಿನ ಒಳಗೆ.

ಬರಿಯ ತಾಮ್ರದ ತಂತಿಯ ತುದಿ ಹೆರೆದು ನೀರಿಗೆ ಇಳಿಬಿಡುವುದು ಎಲ್ಲರೂ ಮೊದಲು ಮಾಡುವ ಕೆಲಸ. ಒಂದೇ ದಿಕ್ಕಿನ ಪ್ರವಾಹ ನೀರಿನಲ್ಲಿ ಹರಿದರೆ ಪಾಸಿಟಿವ್ ಕಡೆಯ ಲೋಹ ಅಯಾನುಗಳಾಗಿ ಕರಗತೊಡಗುತ್ತದೆ. ಪಾತ್ರೆಗಳಿಗೆ ತಾಮ್ರ, ಬೆಳ್ಳಿಯ ಮುಲಾಮು ಹಾಕುವ ಕಾರ್ಖಾನೆಯಲ್ಲಿ ಬೇಕೆಂದೇ ಮಾಡುವ ಕ್ರಿಯೆ ಇಲ್ಲಿ ಬೇಡದೆ ನಡೆಯುತ್ತದೆ. ಫ್ಯಾರಡೆ ನಿಯಮದ ಲೆಕ್ಕದಲ್ಲಿ ಮಿಲಿಆಂಪಿಯರಿನ ಹತ್ತನೇ ಒಂದು ಭಾಗದಷ್ಟು ಪ್ರವಾಹ ಎಡೆಬಿಡದೆ ಹರಿದರೆ ವರ್ಷಕ್ಕೆ ಸುಮಾರು ಒಂದು ಗ್ರಾಂ ತಾಮ್ರವನ್ನು ಕರಗಿಸಬಲ್ಲದು. ಲ್ಯಾನ್ ಕೇಬಲ್ಲಿನ ಅರ್ಧ ಮಿಲಿಮೀಟರ್ ದಪ್ಪದ ಎಳೆಯಲ್ಲಿ ಹೆರೆದ ಒಂದು ಸೆಂಟಿಮೀಟರ್ ತುದಿ ವಾರದೊಳಗೆ ಮುಗಿಯಬಹುದು ಎಂದಾಯಿತು. ತುದಿಯ ಮೇಲೆ ಕಟ್ಟುವ ಆಕ್ಸೈಡ್ ಪದರ ಇದನ್ನು ನಿಧಾನ ಮಾಡುತ್ತದೆ, ಆದರೆ ಆ ಪದರವೇ ದೀಪವನ್ನೂ ಮಂಕು ಮಾಡುತ್ತದೆ. ನೆಗೆಟಿವ್ ಕಡೆಯ ಕಥೆ ಬೇರೆ. ಅಲ್ಲಿ ಜಲಜನಕ ಹೊಮ್ಮಿ ಸುತ್ತಲಿನ ನೀರು ಕ್ಷಾರೀಯವಾಗುತ್ತದೆ, ಗಡಸು ನೀರಿನ ಕ್ಯಾಲ್ಸಿಯಂ ಕಾರ್ಬನೇಟ್ ಬಿಳಿಯ ಸುಣ್ಣದ ಪೊರೆಯಾಗಿ ತಿರುಪಿನ ಮೇಲೆ ಕೂರುತ್ತದೆ. ಕೆಲವು ತಿಂಗಳ ಮೇಲೆ ಟ್ಯಾಂಕಿನಿಂದ ತೆಗೆದ ತಂತಿಗಳಲ್ಲಿ ಕೆಳಗಿನದು ಹಸಿರುಗಟ್ಟಿ ತೆಳ್ಳಗಾಗಿದ್ದು, ಮೇಲಿನವು ಬೆಳ್ಳಗಾಗಿರುವುದಕ್ಕೆ ಇದೇ ಕಾರಣ.

ತಾಮ್ರದ ಬದಲು ಸ್ಟೇನ್‌ಲೆಸ್ ಸ್ಟೀಲ್ ತಿರುಪು ಹಾಕಿದರೆ ಬಾಳಿಕೆ ಎಷ್ಟೋ ಹೆಚ್ಚು. ಹಾರ್ಡ್‌ವೇರ್ ಅಂಗಡಿಯಲ್ಲಿ 304 ದರ್ಜೆಯವು ಸಿಗುತ್ತವೆ, 316 ಇನ್ನೂ ಒಳ್ಳೆಯದು. ಆದರೆ ಸ್ಟೀಲಿನಲ್ಲೂ ಕ್ರೋಮಿಯಂ, ನಿಕಲ್ ಇವೆ. ಜನ ಕುಡಿಯುವ, ಅಡುಗೆಗೆ ಬಳಸುವ ನೀರಿನಲ್ಲಿ ದಿನವಿಡೀ ಇಂಥ ಒಂದೇ ದಿಕ್ಕಿನ (ಡಿಸಿ) ಪ್ರವಾಹ ಹರಿಸುವುದು ಯಾವ ಲೋಹಕ್ಕೂ ತಕ್ಕುದಲ್ಲ. ಉತ್ತಮ ಪರಿಹಾರ ಪ್ರವಾಹವನ್ನೇ ನಿಲ್ಲಿಸುವುದು. ಕೆಳಗಿನ ಮೂರು ಅಂತಸ್ತುಗಳ ಎಮಿಟರುಗಳನ್ನು ಒಟ್ಟು ಸೇರಿಸಿ, ನೆಗೆಟಿವ್‌ಗೆ ಹೋಗುವ ದಾರಿಯಲ್ಲಿ ಕಾಲಿಂಗ್ ಬೆಲ್ಲಿನಂಥ ಒತ್ತುಗುಂಡಿ ಇಟ್ಟರಾಯಿತು. ನೀರು ಎಷ್ಟಿದೆ ಎಂದು ತಿಳಿಯಬೇಕೆನಿಸಿದಾಗ ಗುಂಡಿ ಒತ್ತಿದರೆ ದೀಪ ಹೊತ್ತುತ್ತದೆ, ಬಿಟ್ಟರೆ ಆರುತ್ತದೆ. ನೀರಿನಲ್ಲಿ ಪ್ರವಾಹ ಹರಿಯುವುದು ಆ ನಾಲ್ಕೈದು ಸೆಕೆಂಡು ಮಾತ್ರ. ಲೋಹವೂ ಉಳಿಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ನಾಲ್ಕು ದೀಪ ಸದಾ ಉರಿದರೆ ಸಣ್ಣ 9 ವೋಲ್ಟ್ ಬ್ಯಾಟರಿ ಒಂದು ದಿನವೂ ಬಾಳದು; ಗುಂಡಿಯಿದ್ದರೆ ದಿನಕ್ಕೆ ಹತ್ತು ಸಲ ಒತ್ತಿದರೂ ವರ್ಷದ ಹತ್ತಿರ ಬರುತ್ತದೆ.

ಎಲ್ಲಕ್ಕಿಂತ ಮೇಲಿನ ಅಂತಸ್ತಿಗೆ ಗುಂಡಿ ಬೇಡ. ಅದು ಬಝರಿನದು. ಟ್ಯಾಂಕ್ ತುಂಬುವವರೆಗೂ ಮೇಲಿನ ತಿರುಪು ಗಾಳಿಯಲ್ಲೇ ಇರುವುದರಿಂದ ಪ್ರವಾಹವೇ ಇಲ್ಲ, ಸವೆತವೂ ಇಲ್ಲ, ಬ್ಯಾಟರಿ ಖರ್ಚೂ ಇಲ್ಲ. ನೀರು ಮುಟ್ಟಿದ ಕ್ಷಣ ಬಝರ್ ಕೂಗುತ್ತದೆ, ಮೋಟರ್ ಆರಿಸಿದ ಮೇಲೆ ಅದರ ಬಾಯಿ ಮುಚ್ಚಿಸಲು ಪಕ್ಕದಲ್ಲೊಂದು ಸ್ವಿಚ್ ಇರಬೇಕು. ಈ ಒಂದು ಅಂತಸ್ತನ್ನಷ್ಟೇ ಮಾಡಿದರೂ ಅರ್ಧ ಪ್ರಯೋಜನ ಸಿಕ್ಕಿತು. ಮಳೆಯಲ್ಲಿ ಪಾಚಿ ಹಿಡಿದ ಮೆಟ್ಟಿಲು ಹತ್ತಲಾಗದ ಹಿರಿಯರಿಗೆ, ಕಣ್ಣು ಮಂಜಾದವರಿಗೆ ದೀಪಗಳ ಸಾಲಿಗಿಂತ ಈ ಸದ್ದೇ ಹೆಚ್ಚು ಉಪಕಾರಿ. ಇನ್ನೊಂದು ದೀಪವನ್ನು ಗುಂಡಿಗೆ ನೇರವಾಗಿ ಸೇರಿಸಿಡುವುದು ಜಾಣತನ. ಗುಂಡಿ ಒತ್ತಿದಾಗ ಅದು ಹೊತ್ತಿ ಬೇರೆ ಯಾವುದೂ ಹೊತ್ತದಿದ್ದರೆ ಟ್ಯಾಂಕ್ ಖಾಲಿ. ಅದೂ ಹೊತ್ತದಿದ್ದರೆ ಬ್ಯಾಟರಿ ಖಾಲಿ. ಸುಳ್ಳು ಹೇಳುವ ಸೂಚಕ ಇರುವುದಕ್ಕಿಂತ ಇಲ್ಲದಿರುವುದೇ ಮೇಲು.

ತಿರುಪುಗಳನ್ನು ಕೂರಿಸಲು ಮುಕ್ಕಾಲು ಇಂಚಿನ ಪಿವಿಸಿ ಪೈಪು ಸಾಕು. ಬೇಕಾದ ಎತ್ತರಗಳಲ್ಲಿ ತೂತು ಕೊರೆದು, ತಿರುಪನ್ನು ಹೊರಗಿನಿಂದ ಬಿಗಿದು, ತಂತಿಗಳನ್ನು ಪೈಪಿನೊಳಗಿನಿಂದ ಮೇಲಕ್ಕೆ ಎಳೆದು, ತಳಕ್ಕೆ ಮುಚ್ಚಳ ಹಾಕಿ ತೂತುಗಳ ಸುತ್ತ ಎಂ-ಸೀಲ್ ಮೆತ್ತುವುದು. ತಂತಿಯನ್ನು ತಿರುಪಿಗೆ ನಟ್ಟಿನಿಂದ ಬಿಗಿಯಬೇಕೇ ಹೊರತು ಬೆಸುಗೆ ಹಾಕಬಾರದು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 60/40 ಬೆಸುಗೆ ತಂತಿಯಲ್ಲಿ ನೂರಕ್ಕೆ ನಲವತ್ತು ಪಾಲು ಸೀಸ. ಅದು ಅಡುಗೆಮನೆಯ ಪೆಟ್ಟಿಗೆಯೊಳಗಿನ ಬೋರ್ಡಿನ ಮೇಲಿರಲಿ, ಕುಡಿಯುವ ನೀರಿನ ಹತ್ತಿರ ಸುಳಿಯದಿರಲಿ.

ಎತ್ತರ ಗೊತ್ತುಮಾಡುವುದರಲ್ಲೂ ಸ್ವಲ್ಪ ಯೋಚನೆ ಬೇಕು. 'ಖಾಲಿ' ತಿಳಿಸುವ ತಿರುಪನ್ನು ಟ್ಯಾಂಕಿನ ತಳದಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಯಾಕೆಂದರೆ ಮನೆಗೆ ನೀರು ಹೋಗುವ ಪೈಪು ತಳಕ್ಕಿಂತ ಮೇಲಿರುತ್ತದೆ. ಅದರ ಕೆಳಗಿನ ನೀರು ನಲ್ಲಿಗೆ ಬರುವುದಿಲ್ಲ, ಅಲ್ಲಿ ಕೆಸರೂ ಕೂರುತ್ತದೆ. ಹೊರಹೋಗುವ ಪೈಪಿಗಿಂತ ಒಂದು ಗೇಣು ಮೇಲಿಟ್ಟರೆ ಸ್ನಾನದ ನಡುವೆ ನೀರು ನಿಲ್ಲುವ ಮೊದಲೇ ಸುಳಿವು ಸಿಗುತ್ತದೆ. 'ಭರ್ತಿ' ತಿರುಪು ಓವರ್‌ಫ್ಲೋ ಪೈಪಿಗಿಂತ ನಾಲ್ಕೈದು ಸೆಂಟಿಮೀಟರ್ ಕೆಳಗೆ, ನೀರು ಬೀಳುವ ಜಾಗದಿಂದ ದೂರ. ಇಲ್ಲದಿದ್ದರೆ ಬೀಳುವ ನೀರಿನಿಂದ ಸಿಡಿಯುವ ಹನಿಗಳೇ ಬಝರನ್ನು ಕೂಗಿಸುತ್ತವೆ. ನಿಂತ ಸಿಲಿಂಡರಿನಾಕಾರದ ಟ್ಯಾಂಕಿನಲ್ಲಿ ಎತ್ತರ ಅರ್ಧವಾದರೆ ನೀರೂ ಅರ್ಧ, ಕಾಲಾದರೆ ನೀರೂ ಕಾಲು. ಅಡ್ಡ ಮಲಗಿಸಿದ ಟ್ಯಾಂಕಿನಲ್ಲಿ ಹಾಗಲ್ಲ. ಕಾಲು ಎತ್ತರದಲ್ಲಿ ಇರುವುದು ನೂರಕ್ಕೆ ಇಪ್ಪತ್ತಕ್ಕಿಂತ ಸ್ವಲ್ಪ ಕಡಿಮೆ ನೀರು. ಜಲಾಶಯದ ಮಟ್ಟದ ಜೊತೆಗೆ ಪತ್ರಿಕೆಗಳು ಟಿಎಂಸಿ ಲೆಕ್ಕವನ್ನೂ ಕೊಡುವುದು ಇದೇ ಕಾರಣಕ್ಕೆ, ಕಣಿವೆ ಮೇಲೇರಿದಂತೆ ಅಗಲವಾಗುತ್ತಾ ಹೋಗುವುದರಿಂದ ಮೇಲಿನ ಒಂದು ಅಡಿಯಲ್ಲಿ ಕೆಳಗಿನ ಅಡಿಗಿಂತ ಹೆಚ್ಚು ನೀರಿರುತ್ತದೆ.

ಮಳೆನೀರು ಕೊಯ್ಲು ಮಾಡುವ ಮನೆಗಳಲ್ಲಿ ಇನ್ನೊಂದು ಸೋಜಿಗ ಎದುರಾಗುತ್ತದೆ. ಬೇಸಿಗೆಯಿಡೀ ಬೋರ್‌ವೆಲ್ ನೀರಿಗೆ ಹೊಳೆಯುತ್ತಿದ್ದ ದೀಪಗಳು ಜುಲೈ ಹೊತ್ತಿಗೆ ಮಂಕಾಗುತ್ತವೆ. ಬ್ಯಾಟರಿ ಬದಲಿಸಿದರೂ ಅಷ್ಟೇ. ಮಳೆನೀರಿನಲ್ಲಿ ಲವಣ ತೀರಾ ಕಡಿಮೆ, ಅದರ ತಡೆ ಬೋರ್‌ವೆಲ್ ನೀರಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರಬಲ್ಲದು. ಬೆಂಗಳೂರಿನಲ್ಲಿ 2009ರಿಂದ ದೊಡ್ಡ ನಿವೇಶನಗಳ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಗಿರುವುದರಿಂದ ಈ ಸಮಸ್ಯೆ ಪುಸ್ತಕದ್ದಷ್ಟೇ ಅಲ್ಲ. ಪರಿಹಾರ ಎರಡು ಟ್ರಾನ್ಸಿಸ್ಟರುಗಳ ಜೋಡಿ: ಮೊದಲನೆಯದರ ಎಮಿಟರ್ ಎರಡನೆಯದರ ಬೇಸ್‌ಗೆ, ಎರಡರ ಕಲೆಕ್ಟರುಗಳೂ ಒಂದೇ ಕಡೆಗೆ. ಬೆಲ್ ಪ್ರಯೋಗಾಲಯದ ಸಿಡ್ನಿ ಡಾರ್ಲಿಂಗ್ಟನ್ 1953ರಲ್ಲಿ ರೂಪಿಸಿದ ಈ ಜೋಡಣೆಗೆ ಅವರದೇ ಹೆಸರಿದೆ. ಒಂದರ ವರ್ಧನೆ ಇನ್ನೊಂದರದರಿಂದ ಗುಣಿಸಿಕೊಂಡು ಸಾವಿರಗಳ ಲೆಕ್ಕಕ್ಕೆ ಏರುತ್ತದೆ. ಇಂಥ ಎಂಟು ಜೋಡಿಗಳನ್ನು ಒಂದೇ ಚಿಪ್ಪಿನಲ್ಲಿ ತುಂಬಿರುವ ಯುಎಲ್‌ಎನ್2803 ಬಹಳ ಜನಪ್ರಿಯ. ಬೋರ್‌ವೆಲ್ ನೀರಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ, ಬೆಸುಗೆಯ ಕೆಲಸವೂ ಉಳಿಯುತ್ತದೆ. ಆದರೆ ಅದರ ಒಡಲಲ್ಲೇ ಇರುವ ರೆಸಿಸ್ಟರುಗಳು ಕ್ಷೀಣ ಪ್ರವಾಹದ ದೊಡ್ಡ ಪಾಲನ್ನು ಪಕ್ಕಕ್ಕೆ ಹರಿಸಿಬಿಡುತ್ತವೆ. ಮಳೆನೀರಿಗೆ ಬಿಡಿ ಬಿಸಿ547ಗಳ ಜೋಡಿಯೇ ವಾಸಿ. ಆಗ ಬೇಸ್‌ಗೆ ಕಟ್ಟಿದ ಒಂದು ಲಕ್ಷ ಓಮ್‌ನ ರೆಸಿಸ್ಟರನ್ನೂ ಹತ್ತು ಲಕ್ಷಕ್ಕೆ ಏರಿಸಬೇಕಾಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ರಾಜಿ ಇಲ್ಲ. ಈ ಸರ್ಕ್ಯೂಟಿನ ಒಂದು ತುದಿ ನೇರವಾಗಿ ನೀರಿನಲ್ಲಿದೆ, ಆ ನೀರು ಸ್ನಾನದ ಮನೆಯ ನಲ್ಲಿಯಲ್ಲಿ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಉಳಿಸಲು 230 ವೋಲ್ಟಿನ ಲೈನಿನಿಂದ ಕೆಪಾಸಿಟರ್ ಮೂಲಕ ವಿದ್ಯುತ್ ಇಳಿಸಿಕೊಳ್ಳುವ ಅಗ್ಗದ ವಿಧಾನವೊಂದು ಎಲ್‌ಇಡಿ ಬಲ್ಬುಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಮನೆಯ ಲೈನಿಗೂ ಸರ್ಕ್ಯೂಟಿಗೂ ನಡುವೆ ಪ್ರತ್ಯೇಕತೆ ಇರುವುದಿಲ್ಲ. ನೀರಿನ ಸೂಚಕಕ್ಕೆ ಅದನ್ನು ಜೋಡಿಸುವುದು ಪ್ರಾಣದ ಜೊತೆ ಆಟ. ಹೆಸರಿಲ್ಲದ ಕಂಪನಿಯ ಅಗ್ಗದ ಮೊಬೈಲ್ ಚಾರ್ಜರುಗಳ ಒಳಗಿನ ನಿರೋಧನವನ್ನೂ ನಂಬುವಂತಿಲ್ಲ. ಗುಂಡಿಯಿರುವ ಸೂಚಕಕ್ಕೆ ಬ್ಯಾಟರಿ ಸಾಕಾಗುವಾಗ ಗೋಡೆಯ ಪ್ಲಗ್ಗಿನ ಹಂಗೇಕೆ? ಮೋಟರ್ ಇರುವ ಮನೆಯಲ್ಲಿ ಕರೆಂಟು ಸೋರಿದರೆ ಲೈನನ್ನು ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕಾದದ್ದು, ಸೂಚಕ ಇರಲಿ ಬಿಡಲಿ.

ಇಷ್ಟೆಲ್ಲ ಯಾಕೆ, ಶಬ್ದತರಂಗದಿಂದ ಅಳೆದು ಮೊಬೈಲಿಗೆ ಕಳಿಸುವ ಸಾಧನಗಳಿವೆಯಲ್ಲ ಎನ್ನುವವರಿದ್ದಾರೆ. ಇವೆ, ಚೆನ್ನಾಗಿಯೂ ಇವೆ. ಮುಚ್ಚಳದ ಕೆಳಗೆ ಕೂತ ಸೆನ್ಸರ್ 40 ಕಿಲೋಹರ್ಟ್ಸ್‌ನ ಸದ್ದು ಹೊರಡಿಸಿ ಮಾರ್ದನಿ ಮರಳಲು ಹಿಡಿದ ಸಮಯದಿಂದ ನೀರು ಎಷ್ಟು ಕೆಳಗಿದೆ ಎಂದು ಲೆಕ್ಕ ಹಾಕುತ್ತದೆ. ಲೋಹ ನೀರನ್ನು ಮುಟ್ಟುವುದೇ ಇಲ್ಲ. ಅದಕ್ಕೂ ಅದರದೇ ಮಿತಿಗಳುಂಟು. ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, ಏಪ್ರಿಲ್ ಬಿಸಿಲಿಗೆ ಕಾದ ಟ್ಯಾಂಕಿನ 40 ಡಿಗ್ರಿಯಲ್ಲಿ ಸುಮಾರು 355. ಉಷ್ಣತೆಯನ್ನು ಗಣನೆಗೆ ತೆಗೆದುಕೊಳ್ಳದ ಸಾಧನ ನೂರಕ್ಕೆ ಮೂರರಷ್ಟು ತಪ್ಪುತ್ತದೆ. ಅದಕ್ಕಿಂತ ತೊಡಕಿನದು ಇನ್ನೊಂದು. ನೀರು ಸೋಕದಂತೆ ಮುಚ್ಚಿದ ಅಗ್ಗದ ಸೆನ್ಸರುಗಳಿಗೆ 20-25 ಸೆಂಟಿಮೀಟರಿಗಿಂತ ಹತ್ತಿರದ್ದು ಕಾಣುವುದಿಲ್ಲ. ತುಂಬಿದ ಟ್ಯಾಂಕಿನಲ್ಲಿ ನೀರಿಗೂ ಮುಚ್ಚಳಕ್ಕೂ ಅಷ್ಟು ಅಂತರ ಸಿಗುವುದು ಅಪರೂಪ, ಹಾಗಾಗಿ ಯಾವ ಕ್ಷಣವನ್ನು ತಿಳಿಸಲೆಂದು ಇಟ್ಟರೋ ಆ ಕ್ಷಣದಲ್ಲೇ ಅದು ತಡವರಿಸುತ್ತದೆ. ಹತ್ತಾರು ಟ್ಯಾಂಕುಗಳಿರುವ ಅಪಾರ್ಟ್‌ಮೆಂಟಿಗೆ, ನೀರಿನ ಬಳಕೆಯ ದಿನಚರಿ ಇಡಬೇಕಾದ ಹಾಸ್ಟೆಲಿಗೆ ಅಂಥ ಸಾಧನ ಸರಿ. ಒಂದು ಮನೆಗೆ ನಾಲ್ಕು ದೀಪ, ಒಂದು ಬಝರ್ ಹೇಳುವುದಕ್ಕಿಂತ ಹೆಚ್ಚು ತಿಳಿಯಬೇಕಾದದ್ದು ಇಲ್ಲ. ಕೆಟ್ಟರೆ ಅದನ್ನು ಮಾಡಿದ ಮಗುವೇ ಮಲ್ಟಿಮೀಟರ್ ಹಿಡಿದು ರಿಪೇರಿ ಮಾಡಬಲ್ಲದು. ಆರರಿಂದ ಹನ್ನೆರಡನೆಯ ತರಗತಿಯವರಿಗೆಂದು 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯ ಶಾಲೆಗಳಲ್ಲಿ ಬೇಕಾದ ಉಪಕರಣಗಳೆಲ್ಲ ಇವೆ. ಶಾಲೆಯ ಬಿಸಿಯೂಟದ ಅಡುಗೆಮನೆಗೆ ನೀರು ಬರುವ ಟ್ಯಾಂಕಿಗೆ ಮಕ್ಕಳೇ ಇದನ್ನು ಕಟ್ಟಿಕೊಡಬಹುದು, ಮೇಜಿನ ಮೇಲಿನ ಮಾದರಿಗಿಂತ ಅದರಿಂದ ಕಲಿಯುವುದು ಹೆಚ್ಚು.

ಮುಂದಿನ ಹೆಜ್ಜೆಯಾಗಿ ಮೋಟರನ್ನೇ ತಾನಾಗಿ ಆರಿಸುವ ಆಸೆ ಹುಟ್ಟುವುದು ಸಹಜ. 1971ರಲ್ಲಿ ಹಾನ್ಸ್ ಕಾಮೆನ್‌ಜಿಂಡ್ ವಿನ್ಯಾಸಗೊಳಿಸಿದ 555 ಟೈಮರ್ ಚಿಪ್ಪು ಇದಕ್ಕೆ ಒದಗುತ್ತದೆ. ಅದು ಪೂರೈಕೆಯ ವೋಲ್ಟೇಜಿನ ಮೂರನೇ ಒಂದು ಮತ್ತು ಮೂರನೇ ಎರಡು ಭಾಗ ಎಂಬ ಎರಡು ಗಡಿಗಳನ್ನು ಗುರುತಿಟ್ಟುಕೊಂಡು, ಒಂದನ್ನು ದಾಟಿದಾಗ ಬದಲಾದ ಸ್ಥಿತಿಯನ್ನು ಇನ್ನೊಂದನ್ನು ದಾಟುವವರೆಗೂ ಹಿಡಿದಿಟ್ಟುಕೊಳ್ಳುತ್ತದೆ. ಕೆಳಗಿನ ತಿರುಪಿಗಿಂತ ನೀರು ಇಳಿದಾಗ ಮೋಟರ್ ಶುರು, ಮೇಲಿನದನ್ನು ಮುಟ್ಟಿದಾಗ ಬಂದ್. ಒಂದೇ ತಿರುಪಿನಿಂದ ಎರಡೂ ಕೆಲಸ ಮಾಡಿಸಿದರೆ ನೀರಿನ ಮೇಲ್ಮೈ ತುಯ್ದಾಡಿದಂತೆ ಮೋಟರ್ ಪಟಪಟನೆ ಹತ್ತಿ ಆರಿ ಸುಟ್ಟುಹೋಗುತ್ತದೆ. ಆದರೆ ಇಲ್ಲಿಂದ ಮುಂದಿನದು ಹವ್ಯಾಸಿಯ ಮೇಜಿನ ಕೆಲಸವಲ್ಲ. ಒಂದು ಎಚ್‌ಪಿ ಮೋಟರ್ ಶುರುವಾಗುವ ಕ್ಷಣ ಓಡುವಾಗಿನದರ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಬೋರ್ಡಿನ ಮೇಲೆ ಕೂರುವ ಪುಟ್ಟ ರಿಲೇಯ ತುದಿಗಳು ಅದಕ್ಕೆ ಬೆಸೆದುಕೊಂಡು ಬಿಡಿಸಲು ಬಾರದಂತಾಗುತ್ತವೆ. ಆಮೇಲೆ ಮೋಟರ್ ನಿಲ್ಲುವುದೇ ಇಲ್ಲ. ರಿಲೇ ಒಂದು ಕಾಂಟ್ಯಾಕ್ಟರನ್ನು, ಅಂದರೆ ದೊಡ್ಡ ಕರೆಂಟಿಗೆಂದೇ ಮಾಡಿದ ಸ್ವಿಚ್ಚನ್ನು, ಎಳೆಯಬೇಕು, ಕಾಂಟ್ಯಾಕ್ಟರ್ ಮೋಟರನ್ನು; ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಜೋಡಿಸಬೇಕು. ಸಂಪು ಬತ್ತಿದ್ದರೆ ಪಂಪು ಒಣಗಿ ಓಡದಂತೆ ಅಲ್ಲೂ ಒಂದು ತಿರುಪು ಬೇಕು.

ಸೂಚಕಕ್ಕೆ ಮಾತ್ರ ಅಂಥ ತೊಡಕಿಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ ಟ್ಯಾಂಕ್ ತೊಳೆಯುವ ದಿನ ಪೈಪನ್ನು ಎತ್ತಿ ಹೊರಗಿಟ್ಟು, ಸುಣ್ಣ ಕಟ್ಟಿದ ತಿರುಪುಗಳನ್ನು ನಿಂಬೆರಸದಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ಪೈಪಿನ ಮೈಗೆ ಅಂಟಿದ ಪಾಚಿಯನ್ನೂ ಒರೆಸಬೇಕು, ಅದು ಉಳಿದರೆ ನೀರು ಇಳಿದ ಮೇಲೂ ತೇವದ ದಾರಿ ಮಾಡಿಕೊಟ್ಟು ದೀಪವನ್ನು ಉರಿಸುತ್ತಲೇ ಇರುತ್ತದೆ. ಕೆಳಗಿನ ಪಾಸಿಟಿವ್ ತಿರುಪು ಮೊದಲು ಸವೆಯುವುದರಿಂದ ಅದನ್ನೊಂದನ್ನು ಬೆಳಕಿಗೆ ಹಿಡಿದು ನೋಡಿ, ತೆಳ್ಳಗಾಗಿದ್ದರೆ ಆಗಲೇ ಹೊಸದನ್ನು ಬಿಗಿದು, ಬ್ಯಾಟರಿ ಬದಲಿಸಿದ ತಾರೀಕನ್ನು ಪೆಟ್ಟಿಗೆಯ ಹಿಂಬದಿಯಲ್ಲಿ ಬರೆದಿಡುವುದು.